ಮೇಲೇರದ ಮಣಿಸರ

ನನ್ನ ತಂಗಿಗೆ ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. "ನಿನ್ನ ಸೊಂಟದಲ್ಲಿರುವ ಸರವನ್ನು ಹತ್ತಿ ದಾರದಲ್ಲಿ ಪೋಣಿಸಿಲ್ಲ, ಎಲಾಸ್ಟಿಕ್‌ನಲ್ಲಿ ಪೋಣಿಸಿದ್ದೇನೆ, ಅದನ್ನು ನಂಬಬೇಡ." ಇಷ್ಟೇ. ಮೂರು ವಾರ ಅವಳು ಡಲ್ಲಾಸ್‌ನಿಂದ ದಿನವೂ ಊಟದ ಹೊತ್ತಿಗೆ ಫೋನ್ ಮಾಡಿದಳು. ದಿನವೂ ನಾನು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಯಾರದೋ ಬ್ಲೌಸಿಗೆ ಹುಕ್ ಹಾಕುತ್ತ, "ನೋಡೋಣ" ಎಂದೆ.

ಮರೆತು ಮಾಡಿದ್ದಲ್ಲ, ತಿಳಿಯದೆ ಮಾಡಿದ್ದೂ ಅಲ್ಲ. ದಾರದ ವಿಷಯದಲ್ಲಿ ನನಗೆ ತಿಳಿಯದ್ದು ಕಡಿಮೆ.

ನಮ್ಮೂರು ಚನ್ನಪಟ್ಟಣ. ಅಮ್ಮ ಬೊಂಬೆ ಕಾರ್ಖಾನೆಯೊಂದರಲ್ಲಿ ಮರದ ಮಣಿಗಳಿಗೆ ಅರಗಿನ ಬಣ್ಣ ಹಚ್ಚುತ್ತಿದ್ದಳು. ಏಳನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಅವಳಿಗೆ ಕೆಮ್ಮು ಹಿಡಿಯಿತು. ಕಾರ್ಖಾನೆಯ ಮಣಿಗಳನ್ನು ಮನೆಗೇ ತಂದು ಸರ ಪೋಣಿಸುವ ಕೆಲಸ ಶುರುವಾಯಿತು. ಪೋಣಿಸುವವಳು ನಾನು. ಶಾಲೆ ಮತ್ತೆ ತೆರೆದಾಗ ನನ್ನ ನೀಲಿ ಲಂಗವನ್ನು ಅಮ್ಮ ಮಡಿಸಿ ಹೊಲಿದು, ನನಗಿಂತ ಆರು ವರ್ಷ ಚಿಕ್ಕವಳಾದ ತಂಗಿಗೆ ತೊಡಿಸಿದಳು. "ಅವಳು ಓದಲಿ, ನಿನ್ನ ಕೈ ಚುರುಕು" ಎಂದಳು. ಹೊಗಳಿಕೆಯ ಹಾಗೆ ಹೇಳಿದ ಆ ಮಾತನ್ನು ಎಷ್ಟೋ ವರ್ಷ ನಾನು ಮರೆಯಲಿಲ್ಲ. ತಂಗಿ ಮನೆಯೊಳಗೆ ಜೋರಾಗಿ ಮಗ್ಗಿ ಹೇಳುವಳು, ನಾನು ಹೊಸ್ತಿಲಲ್ಲಿ ಕೂತು ಅದೇ ಲೆಕ್ಕಕ್ಕೆ ಮಣಿ ಸೇರಿಸುವೆ. ಅವಳು ಬಿ.ಎಸ್ಸಿ. ಮುಗಿಸುವ ಹೊತ್ತಿಗೆ ನನ್ನ ಬಲಗೈ ತೋರುಬೆರಳಿನ ತುದಿಯಲ್ಲಿ ಸ್ಪರ್ಶವೇ ಇರಲಿಲ್ಲ. ಈಗಲೂ ಇಲ್ಲ.

ಅವಳು ಹುಟ್ಟಿದಾಗ ನಡೆದ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಹನ್ನೊಂದನೆಯ ದಿನ ಅಜ್ಜಿ ಕೂಸಿನ ಸೊಂಟಕ್ಕೆ ಐದು ಕರಿಮಣಿ ಕೋದ ಉಡಿದಾರ ಕಟ್ಟಿದಳು. ದಾರದ ಇನ್ನೊಂದು ತುದಿ ಹಿಡಿದುಕೊಂಡವಳು ನಾನು. ಆಮೇಲೆ ತಿಂಗಳಿಗೊಮ್ಮೆ ದಾರದ ಕೆಳಗೆ ಬೆರಳು ತೂರಿಸಿ ನೋಡುವುದು ನನ್ನ ಪಾಲಿಗೆ ಬಂದ ಕೆಲಸ. ಬೆರಳು ಸುಲಭವಾಗಿ ಹೋದರೆ ಅಜ್ಜಿಯ ಮುಖ ಸಪ್ಪಗಾಗುವುದು. ದಾರ ಬಿಗಿಯಾಗಿದ್ದರೆ, "ಕೂಸು ಮೈ ಹಿಡಿದದೆ, ಗಂಟು ಸಡಿಲಿಸೇ" ಎನ್ನುವಳು. ಸೊಂಟದ ದಾರ ಏನು ಹೇಳುತ್ತದೆ ಎನ್ನುವುದನ್ನು ನಾನು ನನ್ನ ತಂಗಿಯ ಮೈಮೇಲೆಯೇ ಕಲಿತವಳು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ನನ್ನ ಗಂಡ ಅಡುಗೆಯವರು. ಹ್ಯೂಸ್ಟನ್‌ನ ಹಿಲ್‌ಕ್ರಾಫ್ಟ್ ರಸ್ತೆಯ ಒಂದು ಸಸ್ಯಾಹಾರಿ ಹೋಟೆಲಿನವರು ಅವರನ್ನು ಕರೆಸಿಕೊಂಡರು, ಅವರ ಹಿಂದೆ ನಾನೂ ಬಂದೆ. ಈಗ ಆ ಭಾಗಕ್ಕೆ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂದು ಬೋರ್ಡು ಹಾಕಿದ್ದಾರೆ. ಆಗ ಬರೀ ಹಿಲ್‌ಕ್ರಾಫ್ಟ್. ಒಂದು ಸೀರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ನನಗೊಂದು ಹೊಲಿಗೆ ಮಿಷನ್ ಹಾಕಿಕೊಟ್ಟರು. ಊರಾಚೆಯ ಶ್ರೀಮಂತ ಬಡಾವಣೆ ವುಡ್‌ಲ್ಯಾಂಡ್ಸ್‌ನ ಡಾಕ್ಟರುಗಳ ಹೆಂಡತಿಯರು, ತೈಲ ಕಂಪನಿ ಎಂಜಿನಿಯರುಗಳ ಹೆಂಡತಿಯರು ಬಂದು ಕೈ ಎತ್ತಿ ನಿಲ್ಲುವರು. ನನ್ನ ತಲೆಯ ಮೇಲಿಂದಲೇ ಒಬ್ಬರೊಡನೊಬ್ಬರು ಮಾತಾಡುವರು. ತುಂಬ ಮೇಲಿಂದ ಮಾತಾಡಿದವರ ಬ್ಲೌಸನ್ನು ಕಂಕುಳಲ್ಲಿ ಅರ್ಧ ಇಂಚು ಬಿಗಿ ಮಾಡಿಬಿಡುತ್ತಿದ್ದೆ. ಅರ್ಧ ಇಂಚು ಸಾಕು. ಟ್ರಯಲ್ ನೋಡುವಾಗ ತಿಳಿಯುವುದಿಲ್ಲ, ಮದುವೆಮನೆಯಲ್ಲಿ ಮೂರನೆಯ ಗಂಟೆಗೆ ತಿಳಿಯುತ್ತದೆ. ಅವರು ಕೈ ಮೇಲೆತ್ತಲಾರದೆ ಅಕ್ಷತೆ ಹಾಕುವುದನ್ನು ಮನಸ್ಸಿನಲ್ಲೇ ನೋಡಿ ನಾನು ನಗುತ್ತಿದ್ದೆ. ನನಗೆ ಗೊತ್ತಿದ್ದ ಸೇಡು ಅಷ್ಟೇ ಅಳತೆಯದು.

ತಂಗಿ ಎರಡು ವರ್ಷದ ನಂತರ ಡಲ್ಲಾಸ್‌ಗೆ ಬಂದಳು. ಗಂಡ ಹೆಂಡತಿ ಇಬ್ಬರಿಗೂ ಕಂಪ್ಯೂಟರ್ ಕೆಲಸ. ಅವಳ ಆಫೀಸು ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ, ಫ್ರೀವೇ ಪಕ್ಕದ ಗಾಜಿನ ಕಟ್ಟಡ. ಇಸವಿ ಎರಡು ಸಾವಿರ ಬಂದರೆ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ನಿಲ್ಲುತ್ತವೆ ಎಂಬ ಹೆದರಿಕೆಯ ಕಾಲ ಅದು. ಅವಳಿಗೆ ಕೈತುಂಬ ಕೆಲಸವಿತ್ತು.

ಆ ವರ್ಷದ ಯುಗಾದಿಗೆ ಅವಳೇ ಕರೆದಳು. ಡಲ್ಲಾಸ್‌ನ ಕನ್ನಡದವರು ಒಂದು ಶಾಲೆಯ ಹಾಲ್ ಹಿಡಿದು ಕಾರ್ಯಕ್ರಮ ಇಟ್ಟುಕೊಂಡಿದ್ದರು. ಗಂಡನಿಗೆ ಬಿಡುವಿರಲಿಲ್ಲ. ನಾನೊಬ್ಬಳೇ ಐದು ಗಂಟೆ ಬಸ್ಸಿನಲ್ಲಿ ಕೂತು, ಅವಳ ಹೊಸ ಬ್ಲೌಸು, ಒಂದು ಡಬ್ಬಿ ಒಬ್ಬಟ್ಟು ಹೊತ್ತು ಹೋದೆ. ಹಾಲ್‌ನ ಬಾಗಿಲಲ್ಲಿ ಅವಳ ಸ್ನೇಹಿತೆಯೊಬ್ಬಳು ಎದುರಾದಳು.

"ಯಾರೇ ಇವ್ರು?" ಎಂದಳು.

ತಂಗಿ ನನ್ನ ಸೀರೆ ನೋಡಿದಳು. ಒಂದೇ ಒಂದು ಉಸಿರಿನಷ್ಟು ಹೊತ್ತು ತಡೆದಳು.

"ಹ್ಯೂಸ್ಟನ್ನಿಂದ ಬಂದಿದಾರೆ. ನನ್ ಬ್ಲೌಸೆಲ್ಲಾ ಇವ್ರೇ ಹೊಲಿಯೋದು."

"ಅಯ್ಯೋ ಹೌದಾ ಆಂಟಿ, ನಂಗೂ ಎರಡು ಹೊಲಿದುಕೊಡಿ. ಇಲ್ಲಿ ಹೊಲಿಯೋರೇ ಸಿಗಲ್ಲ. ಕೊಟ್ರೆ ಗೋಣಿಚೀಲ ಮಾಡ್ಕೊಡ್ತಾರೆ."

ಆಂಟಿ ಎಂದವಳು ನನಗಿಂತ ಎರಡು ವರ್ಷವಾದರೂ ದೊಡ್ಡವಳಿರಬೇಕು. ನನ್ನ ಚೀಲದಲ್ಲಿ ಟೇಪು ಇತ್ತು. ಆ ಶಾಲೆಯ ಕಾರಿಡಾರಿನಲ್ಲಿ, ಮಕ್ಕಳು ಬಿಡಿಸಿದ ಚಿತ್ರಗಳನ್ನು ಅಂಟಿಸಿದ ಗೋಡೆಯ ಮುಂದೆ ನಿಂತು ಅವಳ ಅಳತೆ ತೆಗೆದುಕೊಂಡೆ. ತಂಗಿ ಪಕ್ಕದಲ್ಲೇ ನಿಂತು ನಾನು ಹೇಳಿದ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಟ್ಟಳು. ಅವಳ ಅಕ್ಷರ ಮುತ್ತಿನಂಥದ್ದು. ಆ ಅಕ್ಷರಕ್ಕಾಗಿ ನಾನು ಪೋಣಿಸಿದ ಮಣಿ ಎಷ್ಟು ಎಂದು ಆಗ ಯೋಚಿಸಿದೆ. ಬೇವುಬೆಲ್ಲ ಕೊಡಲು ಬಂದವರಿಗೆ, ಬೇಡ ಎಂದೆ.

ವಾಪಸ್ಸು ಬರುವ ಬಸ್ಸಿನಲ್ಲಿ ಐದು ಗಂಟೆಯೂ ಒಂದೇ ಯೋಚನೆ. ಅವಳಿಗೆ ಇದರ ನೋವು ತಾಗಬೇಕು. ಹೇಗೆ ಎಂದು ಗೊತ್ತಿರಲಿಲ್ಲ. ಆದರೆ ತಾಗಬೇಕು.

ನಮ್ಮ ಸೀರೆ ಅಂಗಡಿಯ ಪಕ್ಕದಲ್ಲಿ ಆಫ್ರಿಕಾದ ಹೆಂಗಸೊಬ್ಬಳ ಅಂಗಡಿ ಇತ್ತು. ಘಾನಾ ದೇಶದವಳು, ವಯಸ್ಸು ಅರವತ್ತರ ಮೇಲೆ. ಮುಂದಿನ ಭಾಗದಲ್ಲಿ ಅವಳ ಮಗಳು ಜಡೆ ಹೆಣೆಯುತ್ತಿದ್ದಳು. ಹಿಂದೆ ಕೂತು ಇವಳು ಹೆಂಗಸರು ಸೊಂಟಕ್ಕೆ ಕಟ್ಟಿಕೊಳ್ಳುವ ಮಣಿಸರ ಪೋಣಿಸುತ್ತಿದ್ದಳು. ಒಂದು ದಿನ ಅವಳ ಬಾಗಿಲಲ್ಲಿ ಹಾಯುವಾಗ ಮಣಿ ಚೆಲ್ಲಿದ್ದನ್ನು ಕಂಡು ಆರಿಸಿಕೊಟ್ಟೆ. ಕೊಡುವಾಗ ಕೈ ಸುಮ್ಮನಿರಲಾರದೆ ಒಂದು ಗೇಣು ಪೋಣಿಸಿಯೇ ಕೊಟ್ಟೆ. ಅವಳು ನನ್ನ ಬೆರಳು ಹಿಡಿದು ತುದಿಯನ್ನು ಒತ್ತಿ ನೋಡಿದಳು. ತನ್ನ ಬೆರಳನ್ನು ತೋರಿಸಿದಳು. ಅಲ್ಲೂ ಅದೇ ಜಡ್ಡು.

ಅಂದಿನಿಂದ ಮಧ್ಯಾಹ್ನದ ಟೀ ಅವಳ ಜೊತೆ. ನನ್ನ ಇಂಗ್ಲಿಷು ಮೊಣಕಾಲುದ್ದ, ಅವಳದು ನಿಧಾನದ್ದು, ಹಾಗಾಗಿ ಇಬ್ಬರಿಗೂ ಹೊಂದಿಕೆಯಾಯಿತು. ನಾನು ಅವಳಿಂದ ಕಲಿತದ್ದನ್ನು ನನ್ನ ಮಾತಿನಲ್ಲೇ ಬರೆಯುತ್ತೇನೆ.

ಅವಳ ಊರಿನಲ್ಲಿ ಕೂಸು ಹುಟ್ಟಿ ಏಳೆಂಟು ದಿನಕ್ಕೆ ಹೆಸರಿಡುವಾಗ ಸೊಂಟಕ್ಕೆ ಮಣಿ ಕಟ್ಟುತ್ತಾರೆ. ತಕ್ಕಡಿ ಇಲ್ಲದ ಮನೆಯಲ್ಲಿ ಕೂಸು ಬೆಳೆಯುತ್ತಿದೆಯೋ ಸೊರಗುತ್ತಿದೆಯೋ ಎಂದು ಹೇಳುವುದು ಆ ಸರ. ನನಗೆ ನಗು ಬಂತು. ಅಜ್ಜಿಯ ಉಡಿದಾರದ ವಿಷಯ ಹೇಳಿದೆ. ಅವಳೂ ನಕ್ಕಳು. ಆದರೆ ನಮ್ಮಲ್ಲಿ ಹುಡುಗಿ ದೊಡ್ಡವಳಾಗುವ ಹೊತ್ತಿಗೆ ಉಡಿದಾರ ತೆಗೆದುಬಿಡುತ್ತಾರೆ, ಗಂಡಸರಿಗೆ ಮಾತ್ರ ಉಳಿಯುತ್ತದೆ. ಅವಳ ಕಡೆ ಹುಡುಗಿಗೆ ಅಲ್ಲಿಂದಲೇ ಮುಖ್ಯವಾಗುತ್ತದೆ. ಮೈನೆರೆದ ಹುಡುಗಿಯ ಸೊಂಟಕ್ಕೆ ಮನೆಯ ಹಿರಿಯ ಹೆಂಗಸರು ಒಂದರ ಮೇಲೊಂದು ಸರ ಕಟ್ಟಿ, ಊರ ಮುಂದೆ ನಡೆಸಿ, ಇವಳು ಇನ್ನು ಹೆಂಗಸು ಎಂದು ತೋರಿಸುತ್ತಾರೆ. ತಿಂಗಳ ಬಟ್ಟೆಯನ್ನು ಸಿಕ್ಕಿಸಿಕೊಳ್ಳುವುದೂ ಆ ಸರಕ್ಕೇ ಆಗಿತ್ತಂತೆ. ಮದುವೆಯಾದ ಮೇಲೆ ಅದು ಉಟ್ಟ ಬಟ್ಟೆಯೊಳಗಿನ ಗುಟ್ಟು, ಗಂಡನ ಹೊರತು ಯಾರೂ ನೋಡುವಂತಿಲ್ಲ. ನಡೆಯುವಾಗ ಬಟ್ಟೆಯೊಳಗಿಂದ ಸಣ್ಣ ಸದ್ದು ಬರುತ್ತದೆ, ಅಷ್ಟೇ. ಸತ್ತಾಗಲೂ ಕೆಲವರು ಬಿಚ್ಚುವುದಿಲ್ಲ.

ಅವಳ ಬಳಿ ಅಜ್ಜಿಯ ಕಾಲದ ಮಣಿಗಳಿದ್ದವು. ಒಡೆದ ಬಾಟಲಿಗಳನ್ನು ಕುಟ್ಟಿ ಪುಡಿಮಾಡಿ, ಮಣ್ಣಿನ ಅಚ್ಚಿಗೆ ತುಂಬಿ, ತೂತಿಗೆಂದು ಮರಗೆಣಸಿನ ಎಲೆಯ ತೊಟ್ಟು ಸಿಕ್ಕಿಸಿ ಒಲೆಯಲ್ಲಿ ಸುಡುತ್ತಾರೆ. ತೊಟ್ಟು ಉರಿದುಹೋಗಿ ತೂತು ಉಳಿಯುತ್ತದೆ. ಇನ್ನೊಂದು ಡಬ್ಬಿಯಲ್ಲಿ ಪಟ್ಟೆಪಟ್ಟೆಯ ಹೊಳೆಯುವ ಮಣಿಗಳಿದ್ದವು. ಇಟಲಿಯಿಂದ ಹಡಗಿನಲ್ಲಿ ಬಂದವು. ಅವನ್ನು ಕೊಟ್ಟು ಚಿನ್ನ ಒಯ್ದರು, ಆನೆಯ ದಂತ ಒಯ್ದರು, ಮನುಷ್ಯರನ್ನೂ ಒಯ್ದರು ಎಂದು ಅವಳು ಹೇಳಿದಳು. ಆ ಡಬ್ಬಿಯ ಮಣಿಯನ್ನು ಅವಳು ಯಾರಿಗೂ ಪೋಣಿಸಿ ಕೊಟ್ಟಿದ್ದನ್ನು ನಾನು ಕಾಣೆ. ಅವಳ ಅಂಗಡಿಗೆ ಬರುತ್ತಿದ್ದವರು ಹೆಚ್ಚಾಗಿ ಇಲ್ಲಿಯೇ ಹುಟ್ಟಿದ ಕಪ್ಪು ಹೆಂಗಸರು. ಅವರ ಮುತ್ತಜ್ಜಿಯರ ಮುತ್ತಜ್ಜಿಯರನ್ನು ಹಾಗೆ ಒಯ್ದದ್ದು. ಕಳೆದುಹೋದದ್ದನ್ನು ಹುಡುಕುವವರ ಹಾಗೆ ಮಣಿಗಳನ್ನು ಮುಟ್ಟಿ ನೋಡುವರು. ಯಾವ ಬಣ್ಣಕ್ಕೆ ಏನರ್ಥ ಎಂದು ಕೇಳುವರು. ಇವಳು ಹೇಳುವಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ನನ್ನ ಅಜ್ಜಿ ಕೇಳಿದರೆ ಬೇರೆ ಅರ್ಥ ಹೇಳುತ್ತಿದ್ದಳು, ಪಕ್ಕದೂರಿನಲ್ಲಿ ಇನ್ನೊಂದು" ಎನ್ನುವಳು.

ಒಂದು ವಿಷಯದಲ್ಲಿ ಮಾತ್ರ ಅವಳದು ಒಂದೇ ಮಾತು. ದಾರ. ಮೇಣ ಉಜ್ಜಿದ ಹತ್ತಿ ದಾರ ಹಿಗ್ಗುವುದಿಲ್ಲ. ಹೊಟ್ಟೆ ಬೆಳೆದರೆ ಸರ ಕೆಳಗೆ ಇರಲಾರದೆ ಬೆರಳು ಬೆರಳಾಗಿ ಮೇಲೇರುತ್ತದೆ. ಹೊಟ್ಟೆ ಇಳಿದರೆ ಸರವೂ ಇಳಿಯುತ್ತದೆ. ಚಿಕ್ಕ ಹುಡುಗಿಯರು ಎಲಾಸ್ಟಿಕ್ ಕೇಳುತ್ತಾರೆ, ಬಟ್ಟೆ ಬದಲಿಸಿದ ಹಾಗೆ ಬದಲಿಸಲು. "ಎಲಾಸ್ಟಿಕ್ ಎಲ್ಲದಕ್ಕೂ ಹೂಂ ಅನ್ನುತ್ತದೆ," ಎಂದಳು. "ಅದನ್ನು ಕೇಳಿ ಏನು ಪ್ರಯೋಜನ?"

ಆ ಬೇಸಿಗೆಯಲ್ಲಿ ತಂಗಿ ಹ್ಯೂಸ್ಟನ್‌ಗೆ ಬಂದಳು, ಒಬ್ಬಳೇ, ಕಾರು ಡ್ರೈವ್ ಮಾಡಿಕೊಂಡು. ಮಿಷನ್ ಪಕ್ಕದ ಸ್ಟೂಲಿನ ಮೇಲೆ ಕೂತು ಸೆರಗು ಹಿಂಡುತ್ತ ಹೇಳಿದಳು.

"ಅಕ್ಕ, ಮೂರು ತಿಂಗಳಾಗ್ತಾ ಬಂತು. ನಮ್ಮೋರಿಗೆ ಬಿಟ್ರೆ ನಿಂಗೊಬ್ಬಳಿಗೇ ಹೇಳ್ತಿರೋದು. ಅತ್ತೆಗೂ ಹೇಳಿಲ್ಲ."

ಅವಳಿಗೆ ಹಿಂದೆ ಎರಡು ಸಲ ಗರ್ಭ ಹೋಗಿತ್ತು. ಎರಡನೆಯದು ನನಗೆ ಆವರೆಗೂ ಸರಿಯಾಗಿ ತಿಳಿದಿರಲಿಲ್ಲ. ಹೊಟ್ಟೆಯೊಳಗೆ ಕೂಸು ಬೆಳೆಯುವುದನ್ನು ನಿಲ್ಲಿಸಿ ಮೂರು ವಾರವಾಗಿತ್ತಂತೆ. ನೋವಿಲ್ಲ, ರಕ್ತವಿಲ್ಲ. ತಿಂಗಳ ತಪಾಸಣೆಗೆ ಹೋದಾಗಲೇ ಗೊತ್ತಾದದ್ದು.

"ಆ ಮೂರು ವಾರ ನಾನು ಅದರ ಜೊತೆ ಮಾತಾಡ್ತಾನೇ ಇದ್ದೆ ಅಕ್ಕ. ಡ್ರೈವ್ ಮಾಡುವಾಗೆಲ್ಲ. ಯಾರೂ ಕೇಳಿಸ್ಕೊಳ್ತಿರಲಿಲ್ಲ." ಆಮೇಲೆ ಮೂಗು ಒರೆಸಿಕೊಂಡು, "ಅತ್ತೆ ಅಷ್ಟೊತ್ತಿಗೆ ಇಡೀ ಡಲ್ಲಾಸ್‌ಗೆ ಸಿಹಿ ಹಂಚಿ ಆಗಿತ್ತು. ವಾಪಸ್ ಇಸ್ಕೊಂಡು ಬರೋಕಾಗುತ್ತಾ?" ಎಂದು ನಗಲು ನೋಡಿದಳು.

ಅವಳಿಗೆ ಬೇಕಾಗಿದ್ದದ್ದು ಒಂದು ಸಾಕ್ಷಿ. ಡಾಕ್ಟರು ನೋಡುವುದು ನಾಲ್ಕು ವಾರಕ್ಕೊಮ್ಮೆ. ನಡುವಿನ ದಿನಗಳಲ್ಲಿ, ಬೆಳಿಗ್ಗೆ ಸ್ನಾನ ಮಾಡುವಾಗ, ಕೂಸು ಬೆಳೆಯುತ್ತಿದೆ ಎಂದು ಯಾರಾದರೂ ತನಗೊಬ್ಬಳಿಗೇ ಹೇಳಬೇಕು. ಪಕ್ಕದಂಗಡಿಯ ಸೊಂಟದ ಮಣಿಯ ವಿಷಯ ಅವಳಿಗೆ ಫೋನಿನಲ್ಲಿ ಹಿಂದೊಮ್ಮೆ ನಾನೇ ಹೇಳಿದ್ದೆ. ಅದನ್ನೇ ಕಟ್ಟಿಕೊಡು ಎಂದಳು.

ಘಾನಾದವಳು ಅವಳ ಮುಖವನ್ನು ನೋಡಿಯೇ ಎಲ್ಲ ತಿಳಿದುಕೊಂಡಳು. ನೀಲಿ ಮತ್ತು ಬಿಳಿಯ ಸಣ್ಣ ಮಣಿಗಳನ್ನು ಅಳೆದು ಕೊಟ್ಟಳು, ಮೇಣದ ಹತ್ತಿ ದಾರವನ್ನು ಕತ್ತರಿಸಿ ಕೊಟ್ಟಳು. "ನಾನು ಪೋಣಿಸುವುದಿಲ್ಲ. ತಾಯಿ ಇಲ್ಲದಿದ್ದರೆ ಅಕ್ಕ ಪೋಣಿಸಬೇಕು, ಅಕ್ಕನೇ ಗಂಟು ಹಾಕಬೇಕು" ಎಂದಳು. ನಮ್ಮ ಅಮ್ಮ ತೀರಿಕೊಂಡು ಆಗ ಆರು ವರ್ಷ.

ನನ್ನ ಮೇಜಿನ ಮೇಲೆ ದಾರ ಇಟ್ಟುಕೊಂಡೆ. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಸೇಡು ಇರಲಿಲ್ಲ, ಇದು ನಿಜ. ಸೂಜಿಗೆ ಏರಿಸಲೆಂದು ದಾರದ ತುದಿ ಎತ್ತಿಕೊಂಡೆ. ಅಷ್ಟರಲ್ಲಿ ಅವಳ ಸೆಲ್ ಫೋನ್ ಬಡಿದುಕೊಂಡಿತು. ಅವಳು ಕಿಟಕಿಯ ಹತ್ತಿರ ಹೋದಳು.

"ಹಾಂ, ಹ್ಯೂಸ್ಟನ್ನಲ್ಲಿದೀನಿ ಕಣೆ. ಇಲ್ಲ ಇಲ್ಲ, ಸುಮ್ನೆ. ಟೈಲರ್ ಹತ್ರ ಬಂದಿದ್ದೆ."

ಅಷ್ಟೇ ಮಾತು. ನನ್ನ ಕೈ ಹತ್ತಿ ದಾರವನ್ನು ಬಿಟ್ಟು, ಮಿಷನ್ನಿನ ಡ್ರಾಯರ್ ಎಳೆಯಿತು. ಮಕ್ಕಳ ಲಂಗದ ಸೊಂಟಕ್ಕೆ ಸುಕ್ಕು ಹಿಡಿಸುವ ತೆಳ್ಳನೆಯ ಬಿಳಿ ಎಲಾಸ್ಟಿಕ್ ದಾರ ಅಲ್ಲಿತ್ತು. ಅವಳು ಮಾತಾಡುತ್ತಲೇ ಅಂಗಡಿಯ ಮುಂಭಾಗಕ್ಕೆ, ಸೀರೆಗಳ ಕಡೆಗೆ ಹೋದಳು. ನಾನು ಎಲಾಸ್ಟಿಕ್ಕನ್ನು ಎರಡೆಳೆ ಮಾಡಿದೆ. ಹಿಗ್ಗಿದಾಗ ಮಣಿಗಳ ನಡುವೆ ದಾರ ಕಾಣದಿರಲಿ ಎಂದು ಬೇಕಾದ್ದಕ್ಕಿಂತ ಹೆಚ್ಚು ಮಣಿ ಒತ್ತಿ ತುಂಬಿದೆ. ಆ ಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಏನನ್ನೂ ಪೋಣಿಸಿಲ್ಲ. ಪೋಣಿಸುವಾಗ ಮನಸ್ಸಿಗೆ ಹಾಯೆನಿಸಿತು ಎಂದೇ ಬರೆಯುತ್ತೇನೆ. ಟೈಲರ್ ಹತ್ತಿರ ಬಂದಿದ್ದೀಯಲ್ಲ, ಟೈಲರ್ ಕೆಲಸ ತಗೋ, ಎಂದುಕೊಂಡೆ.

ಟ್ರಯಲ್ ಕೋಣೆಯ ಪರದೆ ಎಳೆದು ಅವಳ ಸೊಂಟಕ್ಕೆ ಕಟ್ಟಿದೆ. ಗಂಟು ಹಾಕುವಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು.

"ಚಿಕ್ಕೋಳಿದ್ದಾಗ ಉಡಿದಾರ ನೀನೇ ಸಡಿಲ ಮಾಡ್ತಿದ್ದೆ ಅಂತ ಅಮ್ಮ ಹೇಳ್ತಿದ್ರು," ಎಂದಳು.

"ಹೂಂ, ಅಲ್ಲಾಡಬೇಡ" ಎಂದೆ.

ಅವಳು ಹೋದ ಮೇಲೆ ಘಾನಾದವಳು ಟೀ ಲೋಟ ಹಿಡಿದು ಬಂದಳು. ಮೇಜಿನ ಮೇಲೆ ತಾನು ಕತ್ತರಿಸಿ ಕೊಟ್ಟ ಹತ್ತಿ ದಾರ ಹಾಗೆಯೇ ಬಿದ್ದಿರುವುದನ್ನು ನೋಡಿದಳು. ಪಕ್ಕದಲ್ಲಿ ಎಲಾಸ್ಟಿಕ್‌ನ ಉರುಳೆ.

"ಅವಳಿಗೆ ಫೋನ್ ಮಾಡು," ಎಂದಳು.

"ಮಾಡ್ತೀನಿ" ಎಂದೆ.

"ಇವತ್ತೇ."

ಮಾಡಲಿಲ್ಲ. ಮರುದಿನ, ಮಾಡಿದೆಯಾ ಎಂದು ಕೇಳಿದಳು. ಅದರ ಮರುದಿನವೂ ಕೇಳಿದಳು. ಮೂರನೆಯ ದಿನದಿಂದ ಅವಳು ಟೀಗೆ ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ.

ಮೊದಲ ಹತ್ತು ದಿನ ತಂಗಿ ನಗುತ್ತಲೇ ಮಾತಾಡುತ್ತಿದ್ದಳು. ಆಫೀಸಿನ ಪಾರ್ಕಿಂಗ್ ಜಾಗದಲ್ಲಿ ಕಾರಿನೊಳಗೆ ಕೂತು, ಮೊಸರನ್ನ ತಿನ್ನುತ್ತ ಫೋನ್ ಮಾಡುವಳು. ಆಮೇಲೆ ನಗು ಕಡಿಮೆಯಾಯಿತು.

"ಅಕ್ಕ, ಇವತ್ತೂ ಅಲ್ಲೇ ಇದೆ. ಹೊಕ್ಕುಳಿಂದ ನಾಲ್ಕು ಬೆರಳು ಕೆಳಗೆ. ಕಟ್ಟಿದಾಗ ಎಲ್ಲಿತ್ತೋ ಅಲ್ಲೇ."

"ನೋಡೋಣ."

"ಮೊದಲನೇದಕ್ಕೆ ಇಷ್ಟೊತ್ತಿಗೆ ಸ್ವಲ್ಪ ಗೊತ್ತಾಗ್ತಿತ್ತು ಅಕ್ಕ. ಹೊಟ್ಟೆ ಗಟ್ಟಿ ಅನ್ಸುತ್ತೆ, ಆದ್ರೆ ಸರ ಅಲ್ಲಾಡಲ್ಲ. ಕನ್ನಡಿ ಸುಳ್ಳು ಹೇಳ್ತಿರಬಹುದು, ಮಣಿ ಹೇಳಲ್ಲ ಅಲ್ವಾ?"

"ನೋಡೋಣ ಕಣೆ. ಊಟ ಮಾಡು."

ಮೊದಮೊದಲು ಆ ಫೋನುಗಳು ನನಗೆ ರುಚಿಸಿದವು. ಅವಳು ನನ್ನನ್ನು ಕೇಳುತ್ತಿದ್ದಳು. ಮುತ್ತಿನ ಅಕ್ಷರದವಳು, ಗಾಜಿನ ಕಟ್ಟಡದವಳು, ಏಳನೇ ಕ್ಲಾಸಿನ ನನ್ನನ್ನು ಕೇಳುತ್ತಿದ್ದಳು. ಎರಡನೆಯ ವಾರ ಕಳೆಯುವ ಹೊತ್ತಿಗೆ ಆ ರುಚಿ ಹೋಯಿತು. ನಾಳೆ ಹೇಳುತ್ತೇನೆ ಎಂದುಕೊಳ್ಳುವೆ. ನಾಳೆ ಹೇಳಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಒಂದು ದಿನ ತಡವಾದಷ್ಟೂ ಆ ಪ್ರಶ್ನೆ ದಪ್ಪವಾಗುತ್ತ ಹೋಯಿತು.

ಮೂರನೆಯ ವಾರದ ಕೊನೆಗೆ ಅವಳು ಅಳಲೂ ಇಲ್ಲ. "ಇದೂ ನಿಂತುಹೋಗಿದೆ ಅಕ್ಕ," ಎಂದಳು, ಹವಾಮಾನ ಹೇಳುವವರ ಹಾಗೆ. "ಈ ಸಲ ಮಾತಾಡಿಸೋದನ್ನ ಬಿಟ್ಟಿದೀನಿ. ಹೋದ ವಾರದಿಂದ."

ನನ್ನ ಕೈಯಲ್ಲಿದ್ದ ಸೂಜಿ ನಿಂತಿತು. ಆಗಲಾದರೂ ಹೇಳಬೇಕಿತ್ತು. ಬಾಯಿ ತೆರೆದೆ. ಅಂಗಡಿಯ ಮಾಲೀಕರು ಕರೆದರು, ಗಿರಾಕಿ ಕಾಯ್ತಿದ್ದಾರೆ ಎಂದು. "ಆಮೇಲೆ ಮಾಡ್ತೀನಿ ಕಣೆ" ಎಂದು ಫೋನ್ ಇಟ್ಟೆ. ಗಿರಾಕಿ ಕಾಯಲು ಸಿದ್ಧರಿದ್ದರು. ಎರಡು ನಿಮಿಷ ಕೊಡಿ ಎಂದಿದ್ದರೆ ಕೊಡುತ್ತಿದ್ದರು.

ಮರುದಿನ ಅವಳು ತಪಾಸಣೆಯ ದಿನಕ್ಕೆ ಕಾಯದೆ ಡಾಕ್ಟರ ಹತ್ತಿರ ಹೋದಳು. ಕೂಸಿನ ಎದೆಬಡಿತ ಕೇಳಿಸಿದರು. ಎಷ್ಟು ಬೆಳೆಯಬೇಕೋ ಅಷ್ಟೇ ಬೆಳೆದಿತ್ತು. ಕಾರಿನಿಂದಲೇ ಫೋನ್ ಮಾಡಿದಳು. ನಗುತ್ತಿದ್ದಳು, ಬಿಕ್ಕುತ್ತಿದ್ದಳು, ಎರಡೂ ಒಟ್ಟಿಗೆ.

"ನಿನ್ ಮಣಿಗೆ ಬುದ್ಧಿ ಇಲ್ಲ ಅಕ್ಕ. ಕುದುರೆ ಓಡಿದ ಹಾಗೆ ಬಡ್ಕೊಳ್ತಿದೆ ಹೃದಯ. ಒಂದು ವಾರ ನಾನು ಅದನ್ನ ಮಾತಾಡಿಸ್ಲಿಲ್ಲ ನೋಡು, ಪಾಪ."

"ಸರ ಬಿಚ್ಚಿಬಿಡು," ಎಂದೆ.

"ಯಾಕೆ? ಇರಲಿ. ನೀನು ಕಟ್ಟಿದ್ದಲ್ವಾ."

ಹೆರಿಗೆಯವರೆಗೂ ಅವಳು ಅದನ್ನು ತೆಗೆಯಲಿಲ್ಲ.

ಹೆಣ್ಣು ಮಗು ಹುಟ್ಟಿತು, ಆಪರೇಷನ್ ಮಾಡಿ ತೆಗೆದರು. ಹನ್ನೊಂದನೆಯ ದಿನಕ್ಕೆ ನಾನು ಡಲ್ಲಾಸ್‌ಗೆ ಹೋದೆ. ಕರಿ ದಾರ ನಾನೇ ಹೊಸೆದಿದ್ದೆ, ಐದು ಕರಿಮಣಿ ಕೋದಿದ್ದೆ. ಈ ಸಲ ಹತ್ತಿಯದೇ. ತಟ್ಟೆಯಲ್ಲಿಟ್ಟುಕೊಂಡು ತೊಟ್ಟಿಲ ಹತ್ತಿರ ಹೋದರೆ ತಂಗಿ ನನ್ನ ಕೈಯನ್ನು ನೋಡಿದಳು, ಮುಖವನ್ನು ನೋಡಲಿಲ್ಲ.

"ಬೇಡ ಅಕ್ಕ. ಅತ್ತೆ ಕಟ್ತಾರೆ. ಅವರ ಹತ್ರ ಬೇರೆ ದಾರ ಇದೆ."

ಬಂದ ಹೆಂಗಸರೆಲ್ಲ ನೋಡುತ್ತಿದ್ದರು. ಅದರಲ್ಲಿ ಆ ಯುಗಾದಿಯ ಸ್ನೇಹಿತೆಯೂ ಇದ್ದಳು, ನಾನು ಹೊಲಿದ ಬ್ಲೌಸು ತೊಟ್ಟು. ನಾನು ತಟ್ಟೆಯನ್ನು ಅಡುಗೆಮನೆಯಲ್ಲಿಟ್ಟು, ಪಾಯಸಕ್ಕೆ ಗೋಡಂಬಿ ಹುರಿದೆ. ಒಳಗೆ ಮತ್ತೆ ಅದೇ ಬೆಂಕಿ. ಕೊನೆಗೂ ಟೈಲರ್ರೇ ಅಂದುಕೊಂಡೆ. ಮಾಡಿದ್ದು ಸರಿಯಾಯಿತು ಎಂದೂ ಅಂದುಕೊಂಡೆ. ನನ್ನ ತಪ್ಪನ್ನು ಮುಚ್ಚಿಕೊಳ್ಳಲು ಆ ಅವಮಾನ ಒಳ್ಳೆಯ ಹೊದಿಕೆಯಾಯಿತು. ಒಂಬತ್ತು ವರ್ಷ ಅದನ್ನು ಹೊದ್ದುಕೊಂಡೇ ಇದ್ದೆ.

ಆ ವರ್ಷಗಳಲ್ಲಿ ಅವರು ಆಸ್ಟಿನ್‌ಗೆ ಶಿಫ್ಟ್ ಆದರು. ಹಬ್ಬಕ್ಕೆ ಫೋನು, ಮಗುವಿನ ಹುಟ್ಟುಹಬ್ಬಕ್ಕೆ ಒಂದು ಲಂಗ ಹೊಲಿದು ಪೋಸ್ಟ್ ಮಾಡುವುದು, ಅಷ್ಟೇ. ಲಂಗ ಹೊಲಿಯುವಾಗ ಸೊಂಟಕ್ಕೆ ಎಲಾಸ್ಟಿಕ್ ಹಾಕಲು ನನ್ನಿಂದ ಆಗುತ್ತಿರಲಿಲ್ಲ. ಲಾಡಿ ಇಡುತ್ತಿದ್ದೆ. ಘಾನಾದವಳು ಊರಿಗೆ ವಾಪಸ್ಸು ಹೋದಳು. ಹೋಗುವ ಮೊದಲು ಬಾಗಿಲಲ್ಲಿ ನಿಂತು, "ಹೇಳಿದೆಯಾ?" ಎಂದಷ್ಟೇ ಕೇಳಿದಳು. ನಾನು ತಲೆ ತಗ್ಗಿಸಿದೆ. ಅವಳು ಹೊರಟುಹೋದಳು.

ಮಗುವಿಗೆ ಒಂಬತ್ತು ತುಂಬಿದ ಮೇಲಿನ ಬೇಸಿಗೆಯಲ್ಲಿ ತಂಗಿ, ಒಂದು ದಿನ ಬಂದು ಹೋಗು ಎಂದಳು. ಗಂಡ ಕಾರಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟು, ಆಸ್ಟಿನ್‌ನಲ್ಲಿದ್ದ ತಮ್ಮ ಸ್ನೇಹಿತರನ್ನು ನೋಡಲು ಹೋದರು. ಬೆಳಗಿನ ಹತ್ತೂವರೆ. ಊಟದ ಮೇಜಿನ ಮೇಲೆ ತಂಗಿ ಔಷಧಿಯ ಒಂದು ಹಳೆಯ ಬಾಟಲಿ ಇಟ್ಟಳು. ಅದರ ತುಂಬ ನೀಲಿ, ಬಿಳಿ ಮಣಿಗಳು. ಮಗು ಓಡಿ ಬಂದು ಪಕ್ಕದಲ್ಲಿ ನಿಂತಿತು.

"ದೊಡ್ಡಮ್ಮ, ಆರ್ ಯೂ ಮೇಕಿಂಗ್ ಇಟ್ ಫಾರ್ ಮೀ?"

"ಏನು ಪುಟ್ಟಿ?"

"ಅವಳ ಕ್ಲಾಸಲ್ಲಿ ನೈಜೀರಿಯಾದ ಹುಡುಗಿ ಇದಾಳೆ," ಎಂದಳು ತಂಗಿ. "ಅವಳಿಗೆ ಅವರಮ್ಮ ಸೊಂಟಕ್ಕೆ ಕಟ್ಟಿದಾರಂತೆ. ಇವಳಿಗೂ ಬೇಕಂತೆ. ನಿನ್ ದೊಡ್ಡಮ್ಮ ಪೋಣಿಸ್ತಾರೆ ಅಂದೆ." ಬಾಟಲಿಯನ್ನು ನನ್ನ ಕಡೆ ಸರಿಸಿದಳು. ಆಮೇಲೆ ದನಿ ಏರಿಸದೆ, ಇಳಿಸದೆ ಹೇಳಿದಳು. "ಈ ಸಲ ಹತ್ತಿ ದಾರದಲ್ಲಿ ಪೋಣಿಸು."

ಮಗು ನನ್ನ ಮುಖ ನೋಡಿತು, ಅವರಮ್ಮನ ಮುಖ ನೋಡಿತು. "ಹೊರಗಡೆ ಸೈಕಲ್ ತುಳಿ ಹೋಗು" ಎಂದಳು ತಂಗಿ. ಮಗು ಹೋಯಿತು.

"ಯಾವಾಗ ಗೊತ್ತಾಯ್ತು?" ಎಂದೆ.

"ಆಪರೇಷನ್ನಿಗೆ ಮುಂಚೆ. ಮೈಮೇಲೆ ಏನೂ ಇರಬಾರದು ಅಂತ ನರ್ಸ್ ಕತ್ತರಿ ಹಾಕಿದ್ಲು. ದಾರ ಚಟ್ ಅಂತ ಹಾರ್ತು. ಮಣಿ ನೆಲದ ತುಂಬ. ಅವಳು, ಓ, ಇದು ಎಲಾಸ್ಟಿಕ್ಕು, ಕತ್ತರಿಸೋದೇ ಬೇಕಿರ್ಲಿಲ್ಲ, ಎಳೆದು ತೆಗೀಬಹುದಿತ್ತು ಅಂದ್ಲು." ತಂಗಿ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಿದ್ದಳು. "ಅದೇ ಹಾಸಿಗೆ ಮೇಲೆ ಮಲಗಿ ಆ ಮೂರು ವಾರದ ಲೆಕ್ಕ ಹಾಕ್ದೆ. ನೀನು ಮರೆತು ಹಾಕಿದ್ದಲ್ಲ ಅಂತ ಗೊತ್ತಿತ್ತು. ದಾರ ಮರೆಯೋಳಲ್ಲ ನೀನು."

"ಕೇಳಬಹುದಿತ್ತಲ್ಲ."

"ಯಾಕೆ ಕೇಳ್ಬೇಕು? ಉಡಿದಾರ ನಿನ್ ಕೈಲಿ ಕಟ್ಟಿಸ್ಲಿಲ್ಲ, ಅಷ್ಟೇ. ನೀನೇ ಬಾಯಿ ಬಿಡ್ತೀಯೋ ಇಲ್ವೋ ನೋಡೋಣ ಅಂತ ಇದ್ದೆ. ಪ್ರತಿವರ್ಷ ಲಂಗ ಬಂದಾಗ ಕವರ್ ಒಳಗೆ ಕೈ ಹಾಕಿ ಹುಡುಕ್ತಿದ್ದೆ, ಒಂದು ಚೀಟಿ ಏನಾದ್ರೂ ಇದೆಯಾ ಅಂತ. ನೀನು ಬಗ್ಗಲಿಲ್ಲ, ನಾನೂ ಬಗ್ಗಲಿಲ್ಲ." ಮುಚ್ಚಳದಿಂದ ಕೈ ತೆಗೆದು, "ಯಾಕೆ ಮಾಡ್ದೆ ಅಕ್ಕ? ಅದೊಂದು ಹೇಳು," ಎಂದಳು.

ಯುಗಾದಿಯ ಕಾರಿಡಾರನ್ನು ಹೇಳಿದೆ. ಕಿಟಕಿಯ ಹತ್ತಿರದ ಫೋನನ್ನು ಹೇಳಿದೆ. "ಟೈಲರ್ ಅಂದೆ ನೀನು."

ಅವಳು ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದಳು. ಹುಬ್ಬು ಗಂಟಿಕ್ಕಿದಳು. ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ನಾನು ಹತ್ತು ವರ್ಷ ಎದೆಯಲ್ಲಿ ಹೊತ್ತುಕೊಂಡಿದ್ದ ಮಾತು ಅವಳ ಬಾಯಿಂದ ಬಿದ್ದ ಕ್ಷಣವೇ ಅವಳಿಗೆ ಕಳೆದುಹೋಗಿತ್ತು. ಅವಳು ಎದೆಯಲ್ಲಿ ಹೊತ್ತದ್ದು ಬೇರೆ, ತಾನು ಮಗುವನ್ನು ಮಾತಾಡಿಸದೆ ಬಿಟ್ಟ ಆ ಒಂದು ವಾರವನ್ನು.

"ಅಂದಿದ್ರೂ ಅಂದಿರ್ತೀನಿ," ಎಂದಳು ಕೊನೆಗೆ. "ಆಗ ನಂಗೆ ನಾಚಿಕೆ ಇತ್ತು. ನಿನ್ ಸೀರೆಗೆ, ನಿನ್ ಇಂಗ್ಲಿಷ್‌ಗೆ. ಸುಳ್ಳು ಹೇಳಲ್ಲ. ಅದಕ್ಕೆ ನನ್ ಕೆನ್ನೆಗೆ ಹೊಡೀಬಹುದಿತ್ತು ಅಕ್ಕ, ಎಲ್ಲರೆದುರಿಗೇ. ಹೊಟ್ಟೇಲಿದ್ದಿದ್ದು ಏನು ಮಾಡಿತ್ತು ನಿಂಗೆ?"

ಹೊರಗೆ ಮಗು ಸೈಕಲ್ಲಿನ ಬೆಲ್ ಬಾರಿಸುತ್ತಿತ್ತು. ನಾನು ಚೀಲದಿಂದ ಹತ್ತಿ ದಾರದ ಉರುಳೆ ತೆಗೆದೆ. ಅದು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಮೇಣ ಉಜ್ಜಿದೆ. ಬಾಟಲಿಯಿಂದ ಮಣಿಗಳನ್ನು ತಟ್ಟೆಗೆ ಸುರಿದೆ. ಸೂಜಿಗೆ ದಾರ ಏರಿಸಲು ಮೂರು ಸಲ ನೋಡಿದೆ, ಕಣ್ಣು ಕಾಣಲಿಲ್ಲ. ತಂಗಿ ಸೂಜಿ ತೆಗೆದುಕೊಂಡು ದಾರ ಏರಿಸಿ ಕೊಟ್ಟಳು. ಆಗ ಸೂಜಿಯನ್ನು ಮೇಜಿನ ಮೇಲೆ ಇಟ್ಟೆ. ಮೊದಲು ಪೋಣಿಸಿ ಆಮೇಲೆ ಹೇಳುತ್ತೇನೆ ಎಂದುಕೊಂಡರೆ ಮತ್ತೆ ಹೇಳುವುದಿಲ್ಲ ಎಂದು ನನಗೆ ನನ್ನ ಬುದ್ಧಿ ಗೊತ್ತಿತ್ತು.

"ತಪ್ಪಾಯ್ತು ಕಣೆ," ಎಂದೆ. "ಬೇಕು ಅಂತಲೇ ಎಲಾಸ್ಟಿಕ್ ಹಾಕ್ದೆ. ನೀನು ದಿನಾ ಫೋನ್ ಮಾಡ್ದಾಗ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ಕೂಸನ್ನ ಮಾತಾಡಿಸೋದು ಬಿಟ್ಟಿದೀನಿ ಅಂತ ನೀನು ಹೇಳ್ದಾಗಲೂ ಫೋನ್ ಇಟ್ಟೆ. ನೀನು ಟೈಲರ್ ಅಂದಿದ್ದಕ್ಕೂ ಇದಕ್ಕೂ ಸಮ ಅಲ್ಲ. ನನ್ನನ್ನ ಕ್ಷಮಿಸು."